ತೋಪನ್ನೆಳೆಯುವ ಬಂಡಿಗಳು: ಹಳೆಯ ಕವಚವಾಹನಗಳೂ ಲಾರಿಗಳೂ

ಕ್ರಿ. ಶ. ೧೭೯೧ನೆಯ ಮೇ ತಿಂಗಳಿನಲ್ಲಿ, ಕನ್ನಂಬಾಡಿಯ ಬಳಿ ಕಾವೇರಿಯ ದಡದಲ್ಲಿ, ಯುದ್ಧಶಾಸ್ತ್ರವನ್ನು ಅಭ್ಯಾಸ ಮಾಡತಕ್ಕವರು ಮರೆಯಬಾರದ ಒಂದು ಘಟನೆಯು ನಡೆಯಿತು. ಆ ವರ್ಷದ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದಿದ್ದ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತಬೇಕೆಂದು, ಕೋಟೆಗೋಡೆಗಳನ್ನೊಡೆಯುವ ಭಾರವಾದ ತೋಪುಗಳೊಡನೆ ಅಲ್ಲಿಗೆ ಬಂದಿದ್ದನು. ಮೇ ೧೫ರಂದು ಅರಕೆರೆಯ ಸಮೀಪದಲ್ಲಿ ನಡೆದ ಕಾಳಗದಲ್ಲಿ ಟಿಪ್ಪುವಿನ ಸೈನ್ಯವು ಹಿಂಜರಿದು ಕೋಟೆಯ ಆಶ್ರಯಕ್ಕೆ ಸರಿಯಿತು. ಜಯವು ಕೈಗೆ ಬಂದಂತೆ ತೋರಿದ ಆ ಸಮಯದಲ್ಲಿಯೇ ಕಾರ್ನ್‌ವಾಲಿಸನು ತನ್ನ ಭಾರಿ ತೋಪುಗಳನ್ನು ತಾನೇ ಒಡೆಯಿಸಿ, ಬೆಂಗಳೂರಿನ ಕಡೆಗೆ ಹಿಂದಿರುಗಬೇಕಾಯಿತು. ತೋಪುಗಳು ಕೆಟ್ಟಿರಲಿಲ್ಲ, ಅವುಗಳನ್ನು ಹಾರಿಸಬಲ್ಲ ಗೋಲಂದಾಜರಿಗೂ ಕೊರತೆಯಿರಲಿಲ್ಲ. ಅವನ್ನು ಎಳೆಯಬೇಕಾಗಿದ್ದ ಎತ್ತುಗಳು ಮೇವಿಲ್ಲದೆ, ಮಳೆಗೂ ರೋಗಕ್ಕೂ ಸಿಕ್ಕಿ ಸತ್ತುಹೋಗಿದ್ದುವು. ಮರಾಠರ ಸೈನ್ಯವು ಆಹಾರಸಾಮಗ್ರಿಯೊಡನೆ ಬಂದು ಕೂಡಿಕೊಂಡುದು ತೋಪುಗಳು ಒಡೆದುಹೋದ ಮೇಲೆ. ಮುಂದಿನ ವರ್ಷದ ಫೆಬ್ರವರಿಯಲ್ಲಿ ಅದೇ ಸೇನಾಪತಿಯು ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದಾಗ, ದನಗಳನ್ನೂ ಬಂಜಾರರ ದವಸದ ಹೇರುಗಳನ್ನೂ ಮೊದಲೇ ಸಿದ್ಧಪಡಿಸಿಕೊಂಡೇ ಹೊರಟನು.

ಇದರಿಂದ ತಿಳಿಯಬೇಕಾದ ತತ್ತ್ವವು ಸರಳವಾದುದು. ತೋಪು ಎಂಬುದು ಒಂದೇ ವಸ್ತುವಲ್ಲ; ಹಾರಿಸುವ ನಳಿಗೆಯೂ ಅದನ್ನೆಳೆಯುವ ಶಕ್ತಿಯೂ ಕೂಡಿಯೇ ತೋಪು. ಎತ್ತಿನ ಸ್ಥಾನಕ್ಕೆ ಎಂಜಿನು ಬಂದಮೇಲೆಯೂ ಈ ತತ್ತ್ವವು ಬದಲಾಗಲಿಲ್ಲ. ಹೊಸ ಎಳೆವಾಹನಗಳು ಸಾಲದಾದಾಗ ಸೈನ್ಯಗಳು ತಮ್ಮಲ್ಲಿರುವ ಹಳೆಯ ಟ್ಯಾಂಕುಗಳನ್ನೂ ಕವಚವಾಹನಗಳನ್ನೂ ಲಾರಿಗಳನ್ನೂ ಈ ಕೆಲಸಕ್ಕೆ ಹೂಡಿವೆ. ಈ ಪದ್ಧತಿಯು ಎಲ್ಲಿ ಫಲಿಸುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧. ಎತ್ತಿನಿಂದ ಎಂಜಿನಿಗೆ

ಎಳೆಯುವ ಶಕ್ತಿಯನ್ನು ಯುದ್ಧಕಾಲದಲ್ಲಿ ಹುಡುಕಿಕೊಂಡು ಹೋಗದೆ, ಶಾಂತಿಕಾಲದಲ್ಲಿಯೇ ಬೆಳೆಸಿಡಬೇಕೆಂಬುದನ್ನು ಮೈಸೂರು ಸಂಸ್ಥಾನವು ಮೊದಲೇ ಅರಿತಿದ್ದಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿದ್ದ ದನದ ಇಲಾಖೆಯು ಹೈದರನ ಕಾಲದಲ್ಲಿ ತೋಪುಗಳನ್ನೂ ಸೈನ್ಯದ ಸಾಮಾನುಗಳನ್ನೂ ಎಳೆಯುವ ಎತ್ತುಗಳನ್ನು ಒದಗಿಸಿತು. ಟಿಪ್ಪುವಿನಿಂದ ಅದಕ್ಕೆ ಅಮೃತಮಹಲ್ ಎಂಬ ಹೆಸರು ಬಂದಿತು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ತಳಿಗಳ ದನಗಳಿಗಾಗಿ ಕಾವಲುಗಳನ್ನು ಮೀಸಲಿಟ್ಟು, ಋತುವಿಗೆ ತಕ್ಕಂತೆ ಅವನ್ನು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುವ ಕ್ರಮವಿದ್ದಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಈ ದನಗಳು ಇಂಗ್ಲಿಷರ ವಶವಾದುವು. ಮುಂದೆ ವೆಲ್ಲಿಂಗ್ಟನ್ ಪ್ರಭುವೆನಿಸಿದ ಆರ್ಥರ್ ವೆಲ್ಲೆಸ್ಲಿಯು ೧೮೦೩ರ ಮರಾಠಾ ಯುದ್ಧದಲ್ಲಿ ಅವುಗಳನ್ನು ಬಳಸಿ ವೇಗವಾಗಿ ನಡೆದನು. ಕೊಂಡುತಂದ ಎತ್ತಿಗೂ ಇಲಾಖೆಯಲ್ಲಿ ಬೆಳೆದ ಎತ್ತಿಗೂ ಇರುವ ಅಂತರವನ್ನು ವಾಚಕರು ಗಮನದಲ್ಲಿಡಬೇಕು; ಈ ಮಾತು ಕಡೆಯಲ್ಲಿ ಮತ್ತೆ ಬರಲಿದೆ.

ಎಂಜಿನಿನ ಯುಗವು ಬಂದುದೂ ಒಮ್ಮೆಗೇ ಅಲ್ಲ. ೧೯೪೧ರಲ್ಲಿ ರಷ್ಯದ ಮೇಲೆ ನುಗ್ಗಿದ ಜರ್ಮನ್ ಸೈನ್ಯದ ಟ್ಯಾಂಕುಗಳ ಖ್ಯಾತಿಯೇ ಖ್ಯಾತಿ. ಆದರೆ ಆ ಸೈನ್ಯದೊಡನೆ ಆರು ಲಕ್ಷಕ್ಕೆ ಕಡಮೆಯಿಲ್ಲದ ಕುದುರೆಗಳೂ ಇದ್ದುವು. ಅದರ ಕಾಲಾಳುದಳಗಳ ತೋಪುಗಳಲ್ಲಿ ಹೆಚ್ಚಿನವನ್ನು ಅವೇ ಎಳೆದುವು. ಎದುರುಪಕ್ಷದ ರಷ್ಯನರು ಅನೇಕ ಕಡೆ ಹೊಲ ಉಳುವ ಟ್ರಾಕ್ಟರುಗಳನ್ನೇ ತೋಪಿಗೆ ಕಟ್ಟಿದ್ದರು. ಬಲವೇನೋ ಅವಕ್ಕಿದ್ದಿತು, ಆದರೆ ಅವುಗಳಲ್ಲಿ ಭಾರವಾದುವು ಗಂಟೆಗೆ ಏಳೆಂಟು ಕಿಲೋಮೀಟರಿಗಿಂತ ವೇಗವಾಗಿ ಓಡಲಾರವು. ಹಿಮ್ಮೆಟ್ಟುವ ಸೈನ್ಯಕ್ಕೆ ಈ ವೇಗವು ಸಾಲದೆ, ಚೆನ್ನಾಗಿದ್ದ ತೋಪುಗಳನ್ನು ದಾರಿಯಲ್ಲಿಯೇ ಬಿಟ್ಟುಹೋಗಬೇಕಾಯಿತು. ಇಂಗ್ಲಿಷರು ಮಾತ್ರ ತಮ್ಮ ೨೫ ಪೌಂಡಿನ ತೋಪಿಗೆ ಮಾರಿಸ್ ಕಂಪೆನಿಯ ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಒಂದು ಚಿಕ್ಕ ವಾಹನವನ್ನು ಬೇರೆಯಾಗಿ ಮಾಡಿಸಿದರು. ಅದು ತೋಪನ್ನೂ, ೩೨ ಗುಂಡುಗಳನ್ನು ತುಂಬಿದ ಒಂದು ಪೆಟ್ಟಿಗೆಬಂಡಿಯನ್ನೂ, ಆರು ಮಂದಿ ಗೋಲಂದಾಜರನ್ನೂ ಒಟ್ಟಿಗೆ ಸಾಗಿಸುತ್ತಿದ್ದಿತು. ಎಳೆವಾಹನವೆಂದರೆ ಏನನ್ನೆಲ್ಲ ಹೊರಬೇಕೆಂಬುದಕ್ಕೆ ಇದೇ ಒಳ್ಳೆಯ ಮಾದರಿ: ತೋಪು, ಗುಂಡು, ಜನ—ಈ ಮೂರೂ ಏಕಕಾಲದಲ್ಲಿ ಒಂದೆಡೆ ಸೇರದಿದ್ದರೆ ತೋಪು ಹಾರುವಂತಿಲ್ಲ.

೨. ಎಳೆತದ ಲೆಕ್ಕ

ಯಾವ ವಾಹನವು ಯಾವ ತೋಪನ್ನು ಎಳೆಯಬಲ್ಲುದು ಎಂಬುದನ್ನು ಎಂಜಿನಿನ ಕುದುರೆಬಲವೊಂದರಿಂದಲೇ ಹೇಳಲಾಗದು. ವಾಹನವು ನೆಲವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದೇ ಮುಖ್ಯ. ಒಂದು ಲೆಕ್ಕದಿಂದ ಇದನ್ನು ವಿಶದಪಡಿಸಬಹುದು.

೬ ಟನ್ ತೂಕದ ಒಂದು ತೋಪಿದೆಯೆಂದಿಟ್ಟುಕೊಳ್ಳೋಣ. ರಷ್ಯದ ಡಿ-೨೦ ಎಂಬ ೧೫೨ ಮಿಲಿಮೀಟರಿನ ತೋಪು ಹೆಚ್ಚುಕಡಮೆ ಇಷ್ಟೇ ತೂಗುತ್ತದೆ. ದಾರಿಯು ಹತ್ತಕ್ಕೆ ಒಂದರಂತೆ ಏರುತ್ತಿದೆ; ನೆಲವು ಮಳೆಯಿಂದ ಮೆತ್ತಗಾಗಿ, ಉರುಳುವುದಕ್ಕೆ ತೂಕದ ಹತ್ತರಲ್ಲೊಂದು ಪಾಲಿನಷ್ಟು ಅಡ್ಡಿಯನ್ನೊಡ್ಡುತ್ತಿದೆ. ಆಗ ತೋಪಿಗಾಗಿ ಏರಿನ ಸಲುವಾಗಿ ೬೦೦, ಕೆಸರಿನ ಸಲುವಾಗಿ ೬೦೦, ಒಟ್ಟು ೧,೨೦೦ ಕಿಲೋಗ್ರಾಂ ಎಳೆತ ಬೇಕು. ಎಳೆಯುವ ಲಾರಿಯ ತೂಕ ೧೦ ಟನ್ ಆದರೆ, ಅದು ತನ್ನನ್ನು ತಾನು ಮೇಲಕ್ಕೇರಿಸಿಕೊಳ್ಳುವುದಕ್ಕೇ ೨,೦೦೦ ಕಿಲೋಗ್ರಾಂ ಬೇಕು. ಎರಡೂ ಸೇರಿ ೩,೨೦೦. ಎಲ್ಲ ಚಕ್ರಗಳಿಗೂ ಶಕ್ತಿ ಹರಿದರೂ, ಒದ್ದೆ ನೆಲದ ಮೇಲೆ ರಬ್ಬರ್ ಚಕ್ರದ ಹಿಡಿತವು ತೂಕದ ಹತ್ತರಲ್ಲಿ ಮೂರು ಪಾಲು ಮಾತ್ರವಾದರೆ, ಲಾರಿಗೆ ದೊರೆಯುವುದು ೩,೦೦೦ ಕಿಲೋಗ್ರಾಂ. ಎಂಜಿನಿನಲ್ಲಿ ಎಷ್ಟೇ ಬಲವಿರಲಿ, ಚಕ್ರಗಳು ನಿಂತಲ್ಲಿಯೇ ತಿರುಗುತ್ತವೆ.

ಈಗ ಅದೇ ಲಾರಿಗೆ ೪ ಟನ್ ಗುಂಡುಗಳನ್ನು ಹೇರಿದರೆ ಏನಾಗುವುದು? ಲಾರಿಯ ತೂಕ ೧೪ ಟನ್. ಬೇಕಾದ ಎಳೆತ ೪,೦೦೦. ದೊರೆಯುವ ಹಿಡಿತ ೪,೨೦೦. ಬರಿಯ ಲಾರಿಯು ಏರಲಾರದ ದಿಣ್ಣೆಯನ್ನು ಹೇರು ತುಂಬಿದ ಲಾರಿಯು ಏರುತ್ತದೆ! ಗುಂಡಿನ ಹೊರೆಯೇ ಇಲ್ಲಿ ನೆಲದ ಹಿಡಿತವಾಗಿ ಪರಿಣಮಿಸಿತು. ಆದರೆ ಇದಕ್ಕೂ ಒಂದು ಮಿತಿಯುಂಟು. ಹೊರೆ ಹೆಚ್ಚಿದಂತೆ ಚಕ್ರವು ಕೆಸರಿನಲ್ಲಿ ಇನ್ನೂ ಆಳಕ್ಕೆ ಹೂಳುವುದರಿಂದ ಅಡ್ಡಿಯೂ ಹೆಚ್ಚುತ್ತ ಹೋಗುತ್ತದೆ.

ಚಕ್ರಕ್ಕೆ ಬದಲಾಗಿ ಉಕ್ಕಿನ ಪಟ್ಟಿಗಳ ಮೇಲೆ ಓಡುವ ೧೨ ಟನ್ನಿನ ವಾಹನವನ್ನು ತೆಗೆದುಕೊಳ್ಳೋಣ. ಬೇಕಾದುದು ೩,೬೦೦, ಪಟ್ಟಿಯ ಹಿಡಿತವು ತೂಕದ ಅರ್ಧದಷ್ಟಾದರೆ ದೊರೆಯುವುದು ೬,೦೦೦. ಪಟ್ಟಿಯು ತೂಕವನ್ನು ಅಗಲವಾಗಿ ಹಂಚುವುದರಿಂದ ವಾಹನವು ಹೂಳುವುದೂ ಕಡಮೆ. ಈ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡುವು. ನೆಲ ಬದಲಾದಂತೆ ಅವೂ ಬದಲಾಗುತ್ತವೆ. ಆದರೂ, ಟ್ಯಾಂಕು ಮುದಿಯಾದ ಮೇಲೆಯೂ ಸೈನ್ಯಗಳು ಅದನ್ನು ತೋಪಿನ ಮುಂದೆ ಏಕೆ ಹೂಡುತ್ತವೆ ಎಂಬುದಕ್ಕೆ ಕಾರಣವು ಇದರಲ್ಲಿಯೇ ಇದೆ.

೩. ಟ್ಯಾಂಕಿನ ಎರಡನೆಯ ಜನ್ಮ

ಟ್ಯಾಂಕು ಹಳೆಯದಾಯಿತೆಂದರೆ ಅದರ ಎಲ್ಲ ಅಂಗಗಳೂ ಏಕಕಾಲದಲ್ಲಿ ಹಳೆಯವಾದುವೆಂದು ಅರ್ಥವಲ್ಲ. ಶತ್ರುವಿನ ಹೊಸ ತೋಪುಗಳ ಮುಂದೆ ಅದರ ಕವಚವು ತೆಳುವಾಗಿರಬಹುದು. ಅದರ ಗುಂಡು ಶತ್ರುವಿನ ಕವಚವನ್ನು ತೂರಲಾರದೆ ಹೋಗಬಹುದು. ಆದರೆ ಎಂಜಿನು, ಪಟ್ಟಿಗಳು, ಗಟ್ಟಿಯಾದ ಉಕ್ಕಿನ ಮೈ ಇವು ಇನ್ನೂ ಕೆಲಸಕ್ಕೆ ಬರುತ್ತವೆ. ಮೇಲಿನ ತಿರುಗುವ ಗೋಪುರವನ್ನು ಕಿತ್ತುಹಾಕಿದರೆ ಹಲವು ಟನ್ ಭಾರವು ಕಳೆದು, ಜನರಿಗೂ ಗುಂಡುಗಳಿಗೂ ಸ್ಥಳವಾಗುತ್ತದೆ.

ಇಂಗ್ಲಿಷರ ಕ್ರೂಸೇಡರ್ ಎಂಬ ಟ್ಯಾಂಕು ಇದಕ್ಕೆ ನಿದರ್ಶನ. ಆಫ್ರಿಕದ ಮರಳುಗಾಡಿನಲ್ಲಿ ಹೋರಾಡಿದ ಈ ಟ್ಯಾಂಕು ೧೯೪೩ರ ಹೊತ್ತಿಗೆ ಮುಂದಿನ ಸಾಲಿಗೆ ತಕ್ಕುದಲ್ಲವಾಯಿತು. ಅದೇ ಕಾಲಕ್ಕೆ, ಜರ್ಮನರ ದಪ್ಪ ಕವಚದ ಟ್ಯಾಂಕುಗಳನ್ನು ಭೇದಿಸಬಲ್ಲ ೧೭ ಪೌಂಡಿನ ತೋಪು ಸಿದ್ಧವಾಗಿದ್ದಿತು. ಸುಮಾರು ೩ ಟನ್ ತೂಗುವ ಆ ತೋಪನ್ನು ಕೈಯಿಂದ ನೂಕಾಡುವುದು ಪ್ರಯಾಸದ ಕೆಲಸ. ಅದರ ಕಾರ್ಯಸ್ಥಾನವಾದರೋ ಶತ್ರುವಿನ ಟ್ಯಾಂಕುಗಳು ಕಣ್ಣಿಗೆ ಬೀಳುವಷ್ಟು ಮುಂದೆ. ಕವಚವಿಲ್ಲದ ಲಾರಿಯು ಅಲ್ಲಿಗೆ ಹೋಗಿ ಹಿಂದಿರುಗುವುದು ದೈವಾಧೀನವಾದ ಮಾತು. ಆದುದರಿಂದ ಕ್ರೂಸೇಡರಿನ ಗೋಪುರವನ್ನು ತೆಗೆದು, ಅದರ ಸ್ಥಳದಲ್ಲಿ ತೆಳ್ಳನೆಯ ಉಕ್ಕಿನ ತಗಡುಗಳ ತೆರೆದ ಪೆಟ್ಟಿಗೆಯೊಂದನ್ನು ಕಟ್ಟಿ, ಚಾಲಕನಲ್ಲದೆ ಆರು ಮಂದಿ ತೋಪಿನವರು ಕುಳಿತುಕೊಳ್ಳುವಂತೆ ಮಾಡಿದರು. ೧೯೪೪–೪೫ರಲ್ಲಿ ವಾಯವ್ಯ ಯೂರೋಪಿನ ರಣರಂಗದಲ್ಲಿ ಈ ವಾಹನಗಳು ೧೭ ಪೌಂಡಿನ ತೋಪುಗಳನ್ನು ಎಳೆದುವು. ಇಟಲಿಯಲ್ಲಿ ಹಳೆಯ ಷೆರ್ಮನ್ ಟ್ಯಾಂಕುಗಳ ಗೋಪುರಗಳನ್ನೂ ಹೀಗೆಯೇ ತೆಗೆದು ಅದೇ ತೋಪಿಗೆ ಹೂಡಿದರು.

ಅಮೆರಿಕನರ ಸಮಸ್ಯೆಯು ಬೇರೊಂದು ಬಗೆಯದು. ಅವರ ೨೪೦ ಮಿಲಿಮೀಟರಿನ ಹೊವಿಟ್ಜರ್ ಎಂಬ ಮಹಾ ತೋಪು ನೆಲದಲ್ಲಿ ನೆಲೆನಿಂತಾಗ ೨೯ ಟನ್ನಿನಷ್ಟು ತೂಗುತ್ತಿದ್ದುದರಿಂದ, ಅದನ್ನು ಎರಡು ಹೊರೆಗಳಾಗಿ ಬಿಚ್ಚಿ ಸಾಗಿಸಬೇಕಾಗಿದ್ದಿತು. ಇದಕ್ಕೆಂದೇ ಯೋಜಿಸಿದ ದೊಡ್ಡ ಟ್ರಾಕ್ಟರು ಸಕಾಲಕ್ಕೆ ಸಾಕಷ್ಟು ಸಂಖ್ಯೆಯಲ್ಲಿ ಒದಗಲಿಲ್ಲ. ಆಗ ಎಂ-೩ ಟ್ಯಾಂಕಿನ ಮೈಯಿಂದ ಮಾಡಿದ್ದ ದುರಸ್ತಿ ವಾಹನಗಳಲ್ಲಿ ಕೆಲವನ್ನು ಎಂ-೩೩ ಎಂಬ ಹೆಸರಿನಿಂದಲೂ, ಎಂ-೧೦ಎ-೧ ಎಂಬ ಟ್ಯಾಂಕುನಾಶಕಗಳಲ್ಲಿ ಕೆಲವನ್ನು ಗೋಪುರ ತೆಗೆದು ಎಂ-೩೫ ಎಂಬ ಹೆಸರಿನಿಂದಲೂ ಎಳೆವಾಹನಗಳನ್ನಾಗಿ ಮಾರ್ಪಡಿಸಿದರು. ಇಲ್ಲಿ ಕವಚಕ್ಕಿಂತ ಬಲಕ್ಕೇ ಪ್ರಾಶಸ್ತ್ಯ. ಈ ಮಹಾ ತೋಪುಗಳು ಶತ್ರುವಿಗೆ ಬಹು ದೂರದಲ್ಲಿಯೇ ನಿಲ್ಲತಕ್ಕವು. ಮುಂದಿನ ಸಾಲಿನಲ್ಲಿ ಜನರ ಪ್ರಾಣರಕ್ಷಣೆ, ಹಿಂದಿನ ಸಾಲಿನಲ್ಲಿ ಭಾರವನ್ನೆಳೆಯುವ ಶಕ್ತಿ ಎಂಬ ಎರಡು ಭಿನ್ನ ಪ್ರಯೋಜನಗಳಿಗಾಗಿ ಹಳೆಯ ಟ್ಯಾಂಕುಗಳನ್ನು ಬಳಸಿದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇವೆರಡನ್ನೂ ಬೆರಸಿ ವಿಚಾರಮಾಡುವುದು ಸರಿಯಲ್ಲ.

೪. ಕವಚವುಳ್ಳ ಟ್ರಾಕ್ಟರು

ಎರಡನೆಯ ಮಹಾಯುದ್ಧದ ಅನುಭವವನ್ನು ಸೋವಿಯತ್ ರಷ್ಯವು ಮರೆಯಲಿಲ್ಲ. ೧೯೬೦ರ ದಶಕದಲ್ಲಿ ಎಂ.ಟಿ.-ಎಲ್.ಬಿ. ಎಂಬ ವಾಹನವು ಅಲ್ಲಿ ರೂಪುಗೊಂಡಿತು. ಇದು ಯುದ್ಧ ಮಾಡುವ ವಾಹನವನ್ನು ಮಾರ್ಪಡಿಸಿದುದಲ್ಲ. ಹುಟ್ಟಿನಿಂದಲೇ ತೋಪನ್ನೆಳೆಯುವ ಟ್ರಾಕ್ಟರು, ತೆಳ್ಳನೆಯ ಕವಚವನ್ನು ತೊಟ್ಟುದು. ಸುಮಾರು ೧೨ ಟನ್ ತೂಕ, ೨೪೦ ಕುದುರೆಬಲದ ಡೀಸೆಲ್ ಎಂಜಿನು, ಒಳಗೆ ಇಬ್ಬರು ನಡೆಸುವವರಲ್ಲದೆ ಹನ್ನೊಂದು ಮಂದಿಗೆ ಸ್ಥಳ, ಆರೂವರೆ ಟನ್ ತೂಕವನ್ನು ಎಳೆಯುವ ಸಾಮರ್ಥ್ಯ—ಇವು ಇದರ ಲಕ್ಷಣಗಳು. ೧೦೦ ಮಿಲಿಮೀಟರಿನ ಟ್ಯಾಂಕುವಿರೋಧಿ ತೋಪನ್ನೂ, ೧೨೨ ಮಿಲಿಮೀಟರಿನ ಡಿ-೩೦ ತೋಪನ್ನೂ ಇದು ಸುಲಭವಾಗಿ ಎಳೆಯುತ್ತದೆ. ಅಗಲವಾದ ಪಟ್ಟಿಗಳಿಂದ ನೆಲವನ್ನು ಒತ್ತುವ ಭಾರವು ಪ್ರತಿ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಮಿಗೆ ಮೀರದಿರುವುದರಿಂದ, ಹಿಮದಲ್ಲಿಯೂ ಜೌಗಿನಲ್ಲಿಯೂ ಇದು ಓಡಬಲ್ಲುದು. ಪೂರ್ವ ಜರ್ಮನಿಯು ೧೯೯೦ರಲ್ಲಿ ಲಯವಾದ ಮೇಲೆ ಅದರ ಉಗ್ರಾಣಗಳಲ್ಲಿದ್ದ ಇಂತಹ ವಾಹನಗಳನ್ನು ಫಿನ್ಲೆಂಡ್ ಮತ್ತು ಸ್ವೀಡನ್ ದೇಶಗಳು ಕೊಂಡುಕೊಂಡುದು ಈ ಗುಣಕ್ಕೆ ಸಾಕ್ಷಿ. ಹಿಮವೂ ಕೆರೆಗಳೂ ತುಂಬಿದ ಆ ದೇಶಗಳ ನೆಲಕ್ಕೆ ಅದು ಒಗ್ಗಿದ ವಾಹನ.

ಆದರೆ ಇದರ ಕವಚವು ಬಂದೂಕಿನ ಗುಂಡನ್ನೂ, ದೂರದಲ್ಲಿ ಸಿಡಿದ ತೋಪಿನ ಗುಂಡಿನ ಚೂರುಗಳನ್ನೂ ತಡೆಯತಕ್ಕುದೇ ಹೊರತು ಅದಕ್ಕಿಂತ ಬಲವಾದ ಪೆಟ್ಟನ್ನಲ್ಲ. ಇದನ್ನರಿಯದೆ ಟ್ರಾಕ್ಟರನ್ನು ಕಾಲಾಳುಗಳ ಯುದ್ಧವಾಹನದಂತೆ ಮುಂದೆ ನುಗ್ಗಿಸಿದರೆ, ಎಳೆವಾಹನವೂ ಅದರೊಳಗಿನ ಜನವೂ ಒಂದೇ ಪೆಟ್ಟಿಗೆ ನಾಶವಾಗುವುದು.

೫. ಲಾರಿಯ ಪಕ್ಷ

ಇಷ್ಟನ್ನು ಓದಿದವರು ಲಾರಿಯನ್ನು ಬಿಟ್ಟು ಪಟ್ಟಿಯ ವಾಹನವನ್ನೇ ಎಲ್ಲೆಡೆಯಲ್ಲಿಯೂ ಬಳಸಬಾರದೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರವು ಗುಂಡಿನ ತೂಕದಲ್ಲಿದೆ.

೨೦೨೨ರ ಫೆಬ್ರವರಿಯಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಏಪ್ರಿಲ್ ೨೧ರಂದು ಅಮೆರಿಕದ ಸರ್ಕಾರವು ಯುಕ್ರೇನಿಗೆ ಕಳುಹಿಸುವುದಾಗಿ ಪ್ರಕಟಿಸಿದ ಸಾಮಗ್ರಿಯಲ್ಲಿ ೧೫೫ ಮಿಲಿಮೀಟರಿನ ತೋಪುಗಳು ೭೨, ಗುಂಡುಗಳು ೧,೪೪,೦೦೦, ಆ ತೋಪುಗಳನ್ನೆಳೆಯುವ ವಾಹನಗಳು ೭೨ ಇದ್ದುವು. ತೋಪಿಗೊಂದು ಎಳೆವಾಹನವನ್ನು ಎಣಿಸಿ ಜೊತೆಗೂಡಿಸಿದ ಈ ಪಟ್ಟಿಯನ್ನು ನೋಡಿದರೆ, ಕನ್ನಂಬಾಡಿಯ ಪಾಠವು ಮರೆತುಹೋಗಿಲ್ಲವೆಂದು ತಿಳಿಯುತ್ತದೆ. ಪಟ್ಟಿಯ ಅಂಕಿಗಳನ್ನು ಇನ್ನೊಂದು ದೃಷ್ಟಿಯಿಂದಲೂ ನೋಡಬಹುದು. ತೋಪೊಂದಕ್ಕೆ ೨,೦೦೦ ಗುಂಡುಗಳು ಬಂದುವು. ಒಂದು ಗುಂಡು ೪೩ ಕಿಲೋಗ್ರಾಮಿನಷ್ಟು ತೂಗಿದರೆ ಒಟ್ಟು ೮೬ ಟನ್. ಮದ್ದಿನ ಚೀಲಗಳ ತೂಕ ಬೇರೆ. ಎಂ-೭೭೭ ಎಂಬ ಆ ಬಗೆಯ ತೋಪಾದರೋ, ಟೈಟಾನಿಯಂ ಲೋಹದ ಬಳಕೆಯಿಂದ ೪.೨ ಟನ್ನಿನಷ್ಟೇ ತೂಗುತ್ತದೆ. ಎಂದರೆ ತೋಪು ತನ್ನ ತೂಕದ ಇಪ್ಪತ್ತರಷ್ಟು ಗುಂಡನ್ನು ನುಂಗುತ್ತದೆ. ಈ ಭಾರವನ್ನೆಲ್ಲ ರೈಲುನಿಲ್ದಾಣದಿಂದ ರಣರಂಗದವರೆಗೆ ಸಾಗಿಸುವ ಕೆಲಸವು ಲಾರಿಗಲ್ಲದೆ ಬೇರೆ ಯಾವುದಕ್ಕೂ ಸಾಧ್ಯವಲ್ಲ.

ಎಣ್ಣೆಯ ವೆಚ್ಚವೂ ಇದೇ ಮಾತನ್ನು ಹೇಳುತ್ತದೆ. ಎಂ.ಟಿ.-ಎಲ್.ಬಿ. ವಾಹನವು ೪೫೦ ಲೀಟರ್ ಎಣ್ಣೆಯಿಂದ ಸುಮಾರು ೫೦೦ ಕಿಲೋಮೀಟರ್ ಓಡುತ್ತದೆ. ಅದೇ ದೂರವನ್ನು ಒಳ್ಳೆಯ ಡೀಸೆಲ್ ಲಾರಿಯು ಇದರ ಅರ್ಧಕ್ಕಿಂತ ಕಡಮೆ ಎಣ್ಣೆಯಿಂದ ಓಡಬಲ್ಲುದು. ಪಟ್ಟಿಗಳೂ ಅವುಗಳ ಕೀಲುಗಳೂ ಗಟ್ಟಿ ರಸ್ತೆಯಲ್ಲಿ ಬೇಗ ಸವೆಯುತ್ತವೆ. ಲಾರಿಯನ್ನು ದುರಸ್ತಿಮಾಡಬಲ್ಲವರು ಊರೂರಲ್ಲಿಯೂ ಸಿಕ್ಕುವರು. ಮೂವತ್ತು ವರ್ಷಗಳ ಹಿಂದೆ ತಯಾರಿಕೆ ನಿಂತುಹೋದ ಟ್ಯಾಂಕನ್ನು ದುರಸ್ತಿಮಾಡಬಲ್ಲವರು ಎಲ್ಲಿಯೂ ಸುಲಭವಾಗಿ ಸಿಕ್ಕರು.

ನಮ್ಮ ದೇಶದ ಅನುಭವವೂ ಇಲ್ಲಿ ಸ್ಮರಣೀಯ. ೧೯೮೬ರಲ್ಲಿ ಭಾರತವು ಸ್ವೀಡನ್ನಿನಿಂದ ೪೧೦ ಬೊಫೋರ್ಸ್ ತೋಪುಗಳನ್ನು ಕೊಳ್ಳಲು ಒಪ್ಪಂದಮಾಡಿಕೊಂಡಾಗ, ಅವನ್ನೆಳೆಯಲು ಸ್ಕೇನಿಯಾ ಕಂಪೆನಿಯ ಆರು ಚಕ್ರದ ಲಾರಿಗಳೂ ಬಂದುವು. ಈ ತೋಪಿಗೆ ಒಂದು ಚಿಕ್ಕ ಸ್ವಂತ ಎಂಜಿನಿದ್ದು, ಲಾರಿಯಿಂದ ಕಳಚಿದ ಮೇಲೆಯೂ ಸ್ವಲ್ಪ ದೂರ ತಾನೇ ಚಲಿಸಬಲ್ಲುದು. ೧೯೯೯ರ ಕಾರ್ಗಿಲ್ ಯುದ್ಧದಲ್ಲಿ ಪರ್ವತದ ಇಕ್ಕಟ್ಟಾದ ಸ್ಥಳಗಳಲ್ಲಿ ಈ ತೋಪುಗಳು ಪ್ರಸಿದ್ಧವಾದುವು. ದೂರದ ದಾರಿಗೆ ಲಾರಿ, ಕಡೆಯ ನಾಲ್ಕು ಹೆಜ್ಜೆಗೆ ಬೇರೊಂದು ಉಪಾಯ ಎಂಬ ಕ್ರಮವು ಇಲ್ಲಿ ಯಂತ್ರದ ರಚನೆಯಲ್ಲಿಯೇ ಸೇರಿಕೊಂಡಿದೆ.

೬. ಗಳಿಗೆಯ ಪ್ರಶ್ನೆ

ಈ ಕಾಲದಲ್ಲಿ ತೋಪು ಹಾರಿದೊಡನೆಯೇ ಶತ್ರುವಿನ ರೇಡಾರ್ ಯಂತ್ರವು ಗುಂಡಿನ ಹಾದಿಯನ್ನು ಕಂಡು, ಅದು ಹೊರಟ ಸ್ಥಳವನ್ನು ಲೆಕ್ಕಹಾಕುತ್ತದೆ. ಡ್ರೋನ್ ಎಂಬ ಚಾಲಕರಿಲ್ಲದ ವಿಮಾನಗಳು ಮೇಲಿನಿಂದ ನೋಡುತ್ತಿರುತ್ತವೆ. ಮಾರುತ್ತರದ ಗುಂಡುಗಳು ಕೆಲವೇ ನಿಮಿಷಗಳಲ್ಲಿ ಬಂದು ಬೀಳುವುವು. ಟ್ಯಾಂಕಿನಂತೆ ತಾನೇ ಚಲಿಸುವ ತೋಪಿನವರು ಕವಚದೊಳಗೆ ಕುಳಿತೇ ಸ್ಥಳವನ್ನು ಬಿಡಬಹುದು. ಎಳೆಯುವ ತೋಪಿನವರಾದರೋ ಬಯಲಿನಲ್ಲಿ ನಿಂತು, ತೋಪಿನ ಬಾಲಗಳನ್ನು ನೆಲದಿಂದ ಕಿತ್ತು ಮಡಿಸಿ, ವಾಹನವನ್ನು ಹಿಂದು ಹಿಂದಾಗಿ ತಂದು ಕೊಕ್ಕೆಗೆ ಸಿಕ್ಕಿಸಿಯೇ ಹೊರಡಬೇಕು. ಅವರ ಜೀವವು ಈ ಕೆಲವು ನಿಮಿಷಗಳನ್ನು ಅವಲಂಬಿಸಿದೆ.

ಹಳೆಯ ವಾಹನದ ಗುಣದೋಷಗಳೆರಡೂ ಬಯಲಾಗುವುದು ಇಲ್ಲಿಯೇ. ಕವಚವಿದ್ದರೆ ವಾಹನವು ತೋಪಿಗೆ ಹತ್ತಿರದಲ್ಲಿಯೇ ಕಾದಿರಬಹುದು; ಕವಚವಿಲ್ಲದ ಲಾರಿಯು ದೂರದ ಮರಗಳ ಮರೆಯಿಂದ ಬರಬೇಕಾಗಿ ಹೊತ್ತು ಕಳೆಯುತ್ತದೆ. ಆದರೆ ಕವಚವಾಹನದ ಚಾಲಕನಿಗೆ ಹಿಂದಿನ ದಾರಿ ಸರಿಯಾಗಿ ಕಾಣದು. ಕೆಳಗಿಳಿದು ಕೈಸನ್ನೆ ಮಾಡುವವನೊಬ್ಬನು ಬೇಕು. ವಾಹನದ ಕೊಕ್ಕೆಯು ತೋಪಿನ ಬಳೆಗೆ ಸರಿಯಾದ ಎತ್ತರದಲ್ಲಿಲ್ಲದಿದ್ದರೆ ಎಂಟು ಮಂದಿ ಸೇರಿ ಬಾಲವನ್ನೆತ್ತಿ ಹಿಡಿಯಬೇಕು. ಭಾರವಾದ ತೋಪಿನ ಚಕ್ರಗಳಿಗೆ ಗಾಳಿಯ ಒತ್ತಡದ ಬ್ರೇಕುಗಳಿದ್ದು, ಎಳೆಯುವ ವಾಹನದಲ್ಲಿ ಆ ಏರ್ಪಾಡಿಲ್ಲದಿದ್ದರೆ, ಇಳಿಜಾರಿನಲ್ಲಿ ತೋಪೇ ವಾಹನವನ್ನು ನೂಕತೊಡಗುತ್ತದೆ. ಇವೆಲ್ಲ ಕಮ್ಮಾರಸಾಲೆಯಲ್ಲಿ ಒಂದೆರಡು ದಿನಗಳಲ್ಲಿ ಸರಿಪಡಿಸಬಹುದಾದ ಸಣ್ಣ ವಿಷಯಗಳು. ಅಲ್ಲಿ ಸರಿಪಡಿಸದೆ ಬಿಟ್ಟರೆ ರಣರಂಗದಲ್ಲಿ ಪ್ರಾಣವನ್ನು ತೆತ್ತು ಕಲಿಯಬೇಕಾಗುವುದು.

೭. ಉಪಸಂಹಾರ

ಹಿಂದೆ ಹೇಳಿದುದನ್ನು ಈಗ ಒಟ್ಟುಗೂಡಿಸಬಹುದು. ಗುಂಡಿನ ಸಾಗಣೆಗೂ ಗಟ್ಟಿ ರಸ್ತೆಯ ದೂರಪ್ರಯಾಣಕ್ಕೂ ಲಾರಿಯೇ ತಕ್ಕುದು. ಅದು ಹಳೆಯದಾದರೂ ಚಿಂತೆಯಿಲ್ಲ, ಎಲ್ಲ ಚಕ್ರಗಳಿಗೂ ಶಕ್ತಿ ಹರಿಯುವುದಾಗಿರಬೇಕು. ಕೆಸರಿನ ನೆಲದಲ್ಲಿ, ಶತ್ರುವಿನ ಗುಂಡು ತಲಪುವ ಕಡೆಯ ಕೆಲವು ಕಿಲೋಮೀಟರುಗಳಲ್ಲಿ, ಪಟ್ಟಿಯ ಕವಚವಾಹನವು ಹಳೆಯದಾದರೂ ಹೊಸ ಲಾರಿಗಿಂತ ಮೇಲು. ಇವು ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ. ಒಂದರ ಕೆಲಸವು ಮುಗಿದಲ್ಲಿ ಇನ್ನೊಂದರ ಕೆಲಸವು ಆರಂಭವಾಗುವುದು.

ಆದರೆ ಉಗ್ರಾಣದ ಮೂಲೆಯಲ್ಲಿ ನಿಂತಿರುವ ಹಳೆಯ ವಾಹನವು ಬಿಟ್ಟಿಯಾಗಿ ದೊರೆತುದೆಂದು ಭಾವಿಸುವುದು ದೊಡ್ಡ ತಪ್ಪು. ಅದರ ಬೆಲೆಯನ್ನು ಕೊಳ್ಳುವಾಗ ಕೊಡದಿದ್ದರೂ ಎಣ್ಣೆಯ ರೂಪದಲ್ಲಿ, ಬಿಡಿಭಾಗಗಳ ರೂಪದಲ್ಲಿ, ಕುಶಲಿಗಳಾದ ಕೆಲಸಗಾರರ ಸಂಬಳದ ರೂಪದಲ್ಲಿ ದಿನದಿನವೂ ಕೊಡಲೇಬೇಕು. ಕಾರ್ನ್‌ವಾಲಿಸನ ಬಳಿ ಎತ್ತುಗಳೇ ಇರಲಿಲ್ಲವೆಂದಲ್ಲ; ಆ ಎತ್ತುಗಳಿಗೆ ಮೇವು ಇರಲಿಲ್ಲ. ಅಮೃತಮಹಲಿನ ಎತ್ತುಗಳ ಹಿರಿಮೆಯು ಅವುಗಳ ಮೈಕಟ್ಟಿನಲ್ಲಿದ್ದಂತೆಯೇ ಅವುಗಳ ಹಿಂದಿದ್ದ ಕಾವಲುಗಳಲ್ಲಿಯೂ ಇದ್ದಿತು. ಹಳೆಯ ವಾಹನಕ್ಕೆ ಇಂತಹ ಕಾವಲನ್ನು, ಎಂದರೆ ಬಿಡಿಭಾಗಗಳ ಉಗ್ರಾಣವನ್ನೂ ದುರಸ್ತಿಯ ಶಾಲೆಯನ್ನೂ, ಮೊದಲೇ ಏರ್ಪಡಿಸಿಕೊಂಡ ಸೈನ್ಯವು ಅದರಿಂದ ಪ್ರಯೋಜನವನ್ನು ಪಡೆಯುವುದು. ಏರ್ಪಡಿಸಿಕೊಳ್ಳದ ಸೈನ್ಯವು, ಗೆದ್ದ ಮರುದಿನವೇ ತನ್ನ ತೋಪುಗಳನ್ನು ತಾನೇ ಒಡೆಯಬೇಕಾಗಿ ಬರಬಹುದು.